18 ತುಂಬಲಿರುವ ಮಗಳನ್ನು ವಯಸ್ಕರ ಸೇವೆಗೆ ದಾಟಿಸುವುದು ಹೇಗೆ?

ಪ್ರಶ್ನೆ (ತಾಯಿ, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿಗೆ ಬಂದು 20 ವರ್ಷ ದಾಟಿತು. ಇಲ್ಲಿಯೇ ಹುಟ್ಟಿದ ನಮ್ಮ ಮಗಳಿಗೆ ಈಗ 17 ವರ್ಷ, ಅವಳಿಗೆ ಲರ್ನಿಂಗ್ ಡಿಸೆಬಿಲಿಟಿ ಇದೆ. ಊರಿನ ಬಂಧುಗಳಿಗೆ ಇದನ್ನು ಕಲಿಕೆಯ ತೊಂದರೆ ಎಂದು ಹೇಳಿದರೆ ಓದುಬರಹ ಸ್ವಲ್ಪ ನಿಧಾನ ಎಂದಷ್ಟೇ ತಿಳಿಯುತ್ತಾರೆ. ಆದರೆ ಈ ದೇಶದಲ್ಲಿ ಆ ಮಾತಿನ ಅರ್ಥ ಬುದ್ಧಿಯ ಬೆಳವಣಿಗೆಯಲ್ಲಿಯೇ ಇರುವ, ಜೀವನಪೂರ್ತಿ ಉಳಿಯುವ ಕೊರತೆ. ಅವಳಿಗೆ ಹಣದ ಲೆಕ್ಕ ತಿಳಿಯುವುದಿಲ್ಲ, ರಸ್ತೆಯನ್ನು ಒಬ್ಬಳೇ ದಾಟಲಾರಳು, ಹೊಸಬರು ಏನು ಕೇಳಿದರೂ ನಗುತ್ತಾ "ಯೆಸ್" ಎನ್ನುತ್ತಾಳೆ.

ಇಲ್ಲಿಯವರೆಗೆ ವಿಶೇಷ ಶಾಲೆ, ತಿಂಗಳಿಗೆ ಎರಡು ಶನಿವಾರದ ಶಾರ್ಟ್ ಬ್ರೇಕ್ (ಕೆಲವು ಹೊತ್ತು ಬೇರೆಯವರು ಅವಳನ್ನು ನೋಡಿಕೊಳ್ಳುವ ವ್ಯವಸ್ಥೆ), ಒಬ್ಬ ಮಕ್ಕಳ ತಜ್ಞರು, ಹೀಗೆ ಎಲ್ಲವೂ ಒಂದು ದಾರಿಗೆ ಬಂದಿತ್ತು. ಕಳೆದ ತಿಂಗಳು ಕೌನ್ಸಿಲಿನ (ಸ್ಥಳೀಯ ಆಡಳಿತದ) ಮಕ್ಕಳ ವಿಭಾಗದ ಸೋಶಿಯಲ್ ವರ್ಕರ್, 18 ತುಂಬಿದ ದಿನ ತಮ್ಮ ಕಡತ ಮುಚ್ಚುತ್ತದೆ ಎಂದರು. ವಯಸ್ಕರ ವಿಭಾಗಕ್ಕೆ ಫೋನ್ ಮಾಡಿದರೆ, 18 ತುಂಬಿದ ಮೇಲೆ ಕರೆ ಮಾಡಿ ಎಂಬ ಉತ್ತರ ಬಂತು. ಈ ಎರಡು ಬಾಗಿಲುಗಳ ನಡುವೆ ನನ್ನ ಮಗಳು ಎಲ್ಲಿ ನಿಲ್ಲಬೇಕು ಎಂಬುದೇ ನನ್ನ ಪ್ರಶ್ನೆ. ನಮ್ಮ ಮಗುವನ್ನು ನಾವು ನೋಡಿಕೊಳ್ಳುತ್ತೇವೆ, ಯಾರ ಮುಂದೆಯೂ ಕೈಚಾಚುವುದು ಬೇಡ ಎಂದು ನನ್ನ ಯಜಮಾನರು ಹೇಳುತ್ತಾರೆ. ಅವರಿಗೆ ಈಗ 58 ವರ್ಷ, ನನಗೆ ಸೊಂಟನೋವು. ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಿ.

ಉತ್ತರ 1 (24 ವರ್ಷದ ಮಗನ ತಂದೆ)

ನಮಸ್ಕಾರ ಅಕ್ಕ. ನಮಗೂ ಇದೇ ಮಾತು ಹೇಳಿದ್ದರು, ನಾವು ನಂಬಿ ಸುಮ್ಮನೆ ಕಾದೆವು. ಮಗನಿಗೆ 18 ತುಂಬಿದ ವಾರವೇ ಶಾರ್ಟ್ ಬ್ರೇಕ್ ನಿಂತುಹೋಯಿತು. ವಯಸ್ಕರ ವಿಭಾಗದವರು ಮನೆಗೆ ಬರುವಷ್ಟರಲ್ಲಿ ಏಳು ತಿಂಗಳು ಕಳೆದಿದ್ದವು. ಆ ಏಳು ತಿಂಗಳು ಅವನು ಪ್ರತಿ ಶನಿವಾರ ಬೆಳಿಗ್ಗೆ ಶೂ ಹಾಕಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಗಾಡಿ ಬರುವುದಿಲ್ಲ ಎಂದು ಅವನಿಗೆ ಅರ್ಥ ಮಾಡಿಸುವ ಭಾಷೆ ನಮ್ಮ ಬಳಿ ಇರಲಿಲ್ಲ.

ಹಾಗೆ ಆಗಬೇಕಾಗಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಕೇರ್ ಆಕ್ಟ್ 2014ರ 58ನೇ ಸೆಕ್ಷನ್ ಪ್ರಕಾರ, 18 ದಾಟಿದ ಮೇಲೆ ಆರೈಕೆಯ ಅಗತ್ಯ ಬರುವ ಸಾಧ್ಯತೆಯಿರುವ ಮಗುವಿಗೆ, ಅದರಿಂದ ಗಣನೀಯ ಪ್ರಯೋಜನವಾಗುವ ಸಮಯದಲ್ಲಿ, ಹುಟ್ಟುಹಬ್ಬಕ್ಕೆ ಮೊದಲೇ, ಮುಂದೆ ಬೇಕಾಗುವ ನೆರವನ್ನು ಅಳೆಯುವ ಟ್ರಾನ್ಸಿಷನ್ ಅಸೆಸ್‌ಮೆಂಟ್ ಮಾಡಬೇಕಾದದ್ದು ಕೌನ್ಸಿಲಿನ ಕರ್ತವ್ಯ. ಕೇಳಿದ ಮೇಲೂ ಮಾಡುವುದಿಲ್ಲ ಎಂದಾದರೆ ಅದರ ಕಾರಣವನ್ನು ಬರಹದಲ್ಲಿ ಕೊಡಬೇಕು. 18 ತುಂಬುವಷ್ಟರಲ್ಲಿ ನಿರ್ಧಾರ ಆಗದೇ ಹೋದರೆ, ಅದು ಆಗುವವರೆಗೆ ಮಕ್ಕಳ ಸೇವೆಯನ್ನು ಮುಂದುವರಿಸಬೇಕೆಂದು ಅದೇ ಕಾನೂನು ಹೇಳುತ್ತದೆ. ಆದ್ದರಿಂದ ಫೋನ್ ಮಾಡುವುದನ್ನು ಬಿಟ್ಟು ಇಂದೇ ಇಮೇಲ್ ಬರೆಯಿರಿ; ಟ್ರಾನ್ಸಿಷನ್ ಅಸೆಸ್‌ಮೆಂಟ್ ಎಂಬ ಪದವನ್ನೇ ಬಳಸಿ, ಎರಡೂ ವಿಭಾಗಗಳಿಗೆ ಒಂದೇ ಪತ್ರ ಕಳಿಸಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ.

ಯಜಮಾನರ ಮಾತಿನ ಬಗ್ಗೆ ಒಂದು ವಿಷಯ. ನಾನೂ ಹಾಗೆಯೇ ಹೇಳುತ್ತಿದ್ದೆ. ಅದೇ ಕಾನೂನಿನ 60ನೇ ಸೆಕ್ಷನ್ ಮಗುವನ್ನು ನೋಡಿಕೊಳ್ಳುವ ತಂದೆತಾಯಿಗೂ ಅಸೆಸ್‌ಮೆಂಟ್ ಕೇಳುವ ಅವಕಾಶ ಕೊಟ್ಟಿದೆ. ನೋಡಿಕೊಳ್ಳಲು ನಿಮಗೆ ಮನಸ್ಸಿದೆಯೇ, ಶಕ್ತಿಯಿದೆಯೇ, ಮುಂದೆಯೂ ಇರುತ್ತದೆಯೇ ಎಂದು ಅವರು ಕೇಳಲೇಬೇಕು. ಅದನ್ನು ಬೇಡುವುದೆಂದು ನಾನು ಈಗ ಭಾವಿಸುವುದಿಲ್ಲ. ನಾವಿಲ್ಲದ ದಿನಕ್ಕೆ ನಾವಿರುವಾಗಲೇ ಇನ್ನೊಬ್ಬರ ಕೈಯನ್ನು ಅವನಿಗೆ ಪರಿಚಯ ಮಾಡಿಸುವ ಕೆಲಸ ಅದು.

ಉತ್ತರ 2 (ವಯಸ್ಕರ ವಿಭಾಗದಲ್ಲಿ ಸೋಶಿಯಲ್ ವರ್ಕರ್)

ನಾನು ಬೇರೊಂದು ಕೌನ್ಸಿಲಿನಲ್ಲಿ ಕೆಲಸ ಮಾಡುವವಳು. ಮೇಲಿನವರು ಹೇಳಿದ್ದು ಸರಿಯಾಗಿದೆ. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ನಿಮ್ಮ ಮಗಳು ಎಲ್ಲದಕ್ಕೂ "ಯೆಸ್" ಎನ್ನುತ್ತಾಳೆ ಎಂಬ ಮಾತು, ಏಕೆಂದರೆ ಅಸೆಸ್‌ಮೆಂಟ್ ಹಾದಿ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಕೆಟಲಿನಲ್ಲಿ ನೀರು ಕಾಯಿಸುತ್ತೀಯಾ ಎಂದು ಕೇಳಿದರೆ ಅವಳು ಹೌದೆನ್ನುತ್ತಾಳೆ. ಅವಳು ಗುಂಡಿ ಒತ್ತುವುದೂ ನಿಜವಿರಬಹುದು. ಆದರೆ ಕುದಿಯುವ ನೀರನ್ನು ಕಪ್ಪಿಗೆ ಬಗ್ಗಿಸುವಾಗ ಅಮ್ಮನ ಕೈ ಅವಳ ಕೈಯ ಮೇಲಿರುವುದು ಫಾರ್ಮಿನಲ್ಲಿ ಬರುವುದಿಲ್ಲ.

ವಯಸ್ಕರ ಆರೈಕೆ ಯಾರಿಗೆ ಸಿಗಬೇಕೆಂದು ಹೇಳುವ 2015ರ ಅರ್ಹತಾ ನಿಯಮಗಳಲ್ಲಿ ಹತ್ತು ವಿಷಯಗಳಿವೆ: ಊಟೋಪಚಾರ, ಸ್ವಚ್ಛತೆ, ಶೌಚ, ಬಟ್ಟೆ, ಮನೆಯೊಳಗಿನ ಸುರಕ್ಷತೆ, ಸಂಬಂಧಗಳನ್ನು ಉಳಿಸಿಕೊಳ್ಳುವುದು, ಕಲಿಕೆ ಅಥವಾ ಕೆಲಸ ಮುಂತಾದವು. ಇವುಗಳಲ್ಲಿ ಎರಡು ಅಥವಾ ಹೆಚ್ಚು ಸಾಧ್ಯವಾಗದೆ, ಅದರಿಂದ ಬದುಕಿನ ಮೇಲೆ ಗಮನಾರ್ಹ ಪರಿಣಾಮ ಆಗುತ್ತಿದ್ದರೆ ಅರ್ಹತೆ ಇದೆ. ಸಾಧ್ಯವಾಗದು ಎಂಬುದರ ಅರ್ಥವನ್ನೂ ನಿಯಮವೇ ಬಿಡಿಸಿ ಹೇಳಿದೆ: ಇನ್ನೊಬ್ಬರ ಸಹಾಯವಿಲ್ಲದೆ ಆಗದಿದ್ದರೆ, ಆದರೂ ಅತಿಯಾದ ನೋವು ಅಥವಾ ಕಳವಳ ಕೊಟ್ಟರೆ, ಅಪಾಯ ತಂದರೆ, ಅಥವಾ ಬೇರೆಯವರಿಗಿಂತ ಬಹಳ ಹೆಚ್ಚು ಸಮಯ ಹಿಡಿದರೆ ಅದು ಸಾಧ್ಯವಾಗದ್ದೇ. "ನೆನಪಿಸಿದರೆ ಹಲ್ಲುಜ್ಜುತ್ತಾಳೆ" ಎಂಬುದು "ಹಲ್ಲುಜ್ಜುತ್ತಾಳೆ" ಎಂದಾಗಬಾರದು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನೀವು ಎಷ್ಟು ಸಲ ಹೇಳಿಕೊಟ್ಟಿರಿ, ಎಲ್ಲಿ ಕೈಹಿಡಿದಿರಿ, ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಬರೆದಿಡಿ. ಮಗಳ ಬಗ್ಗೆ ಹೆಮ್ಮೆಯಿಂದ ಮಾತನಾಡುವುದು ನಮ್ಮ ಮನೆಗಳ ರೂಢಿ, ನನಗೆ ಅದು ಇಷ್ಟವೂ ಹೌದು; ಆದರೆ ಆ ಒಂದು ದಿನ, ಬಹಳ ಕಷ್ಟದ ದಿನ ಹೇಗಿರುತ್ತದೆ ಎಂದೇ ಹೇಳಿ.

ಇಷ್ಟೆಲ್ಲ ಹೇಳಿದ ಮೇಲೂ ಅಸೆಸ್‌ಮೆಂಟ್ ಅವಳದು, ನಿಮ್ಮದಲ್ಲ. ಅವಳಿಗೆ ಏನು ಬೇಕು ಎಂಬುದನ್ನು ಚಿತ್ರಗಳ ಮೂಲಕವೋ, ಅವಳು ಇಷ್ಟಪಟ್ಟು ಹೋಗುವ ಜಾಗದಲ್ಲಿಯೋ ತಿಳಿದುಕೊಳ್ಳಲು ಹೇಳಿ. ಹೌದು ಅಲ್ಲ ಎಂದು ಉತ್ತರಿಸುವ ಪ್ರಶ್ನೆಗಳನ್ನು ಬಿಟ್ಟು, ಎರಡು ಚಿತ್ರಗಳನ್ನು ಮುಂದಿಟ್ಟು ಆರಿಸಲು ಬಿಟ್ಟರೆ ಅವಳ ಮನಸ್ಸು ಕಾಣುತ್ತದೆ. ಅವಳನ್ನು ಬಲ್ಲ ಶಾಲೆಯ ಟೀಚರ್ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಉತ್ತರ 3 (20 ವರ್ಷದ ಮಗಳ ತಾಯಿ)

ನನಗೆ ಪೆಟ್ಟು ಬಿದ್ದದ್ದು ಹಣ ಮತ್ತು ಸಹಿಯ ವಿಷಯದಲ್ಲಿ. ಮೆಂಟಲ್ ಕೆಪ್ಯಾಸಿಟಿ ಆಕ್ಟ್ 2005 ಪ್ರಕಾರ 16 ದಾಟಿದವರಿಗೆ ತಮ್ಮ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯವಿದೆ ಎಂದೇ ಆರಂಭದಲ್ಲಿ ಭಾವಿಸಬೇಕು. ಇಲ್ಲ ಎನ್ನುವುದಾದರೆ ಪ್ರತಿಯೊಂದು ನಿರ್ಧಾರಕ್ಕೂ ಬೇರೆಬೇರೆಯಾಗಿ ತೋರಿಸಬೇಕು. 18 ತುಂಬಿದ ಮೇಲೆ ತಾಯಿ ಎಂಬ ಕಾರಣಕ್ಕೆ ನಾನು ಅವಳ ಪರವಾಗಿ ಸಹಿ ಹಾಕುವಂತಿಲ್ಲ, ಆದರೆ ಅವಳ ಹಿತದ ನಿರ್ಧಾರ ಮಾಡುವಾಗ ನನ್ನನ್ನು ಕೇಳಬೇಕು. ಸರ್ಕಾರ ಕೊಡುವ ಬೆನಿಫಿಟ್ ಹಣವನ್ನು ಅವಳ ಪರವಾಗಿ ಪಡೆಯಲು ಅಪಾಯಿಂಟೀ (ಅದಕ್ಕೆ ನೇಮಕಗೊಂಡವರು) ಆದರೆ ಸಾಕು. ಬ್ಯಾಂಕಿನಲ್ಲಿರುವ ಉಳಿತಾಯಕ್ಕೆ ಅದು ಸಾಲದು, ಕೋರ್ಟ್ ಆಫ್ ಪ್ರೊಟೆಕ್ಷನ್‌ನಿಂದ ಡೆಪ್ಯುಟಿಶಿಪ್, ಅಂದರೆ ಅವಳ ಪರವಾಗಿ ಹಣ ನಿರ್ವಹಿಸುವ ಅಧಿಕಾರ, ಬೇಕಾಗಬಹುದು. 2002ರ ಸೆಪ್ಟೆಂಬರ್‌ನಿಂದ 2011ರ ಜನವರಿ 2ರವರೆಗೆ ಹುಟ್ಟಿದ ಮಕ್ಕಳಿಗೆ ಸರ್ಕಾರ ತೆರೆದ ಚೈಲ್ಡ್ ಟ್ರಸ್ಟ್ ಫಂಡ್ ಎಂಬ ಉಳಿತಾಯ ಖಾತೆ ನಿಮ್ಮ ಮಗಳ ಹೆಸರಿನಲ್ಲಿಯೂ ಇರಬಹುದು. ನಾವು ಅದನ್ನು ಮರೆತೇಬಿಟ್ಟಿದ್ದೆವು, 18 ತುಂಬಿದ ಮೇಲೆ ಅದರ ಬಾಗಿಲು ನಮಗೆ ಮುಚ್ಚಿತ್ತು.

ಇನ್ನೊಂದು ವಿಷಯ, ವಯಸ್ಕರ ಆರೈಕೆಗೆ ಶುಲ್ಕ ಇರಬಹುದು. ಲೆಕ್ಕ ಹಾಕುವುದು ಅವಳ ಹಣವನ್ನು ಮಾತ್ರ, ನಿಮ್ಮ ಸಂಬಳವನ್ನಲ್ಲ. ಅವಳ ಹೆಸರಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದರೆ ಪೂರ್ತಿ ವೆಚ್ಚ ಅವಳದೇ ಎಂಬ ಮಿತಿ ಬಹುಕಾಲದಿಂದ ಇದೆ. ಅಜ್ಜಿ ತಾತ ಪ್ರೀತಿಯಿಂದ ಅವಳ ಹೆಸರಿಗೆ ಹಣ ಬರೆಯುವ ಮೊದಲು ಹಣವನ್ನು ಅವಳಿಗಾಗಿ ಬೇರೆಯವರ ಕೈಯಲ್ಲಿಡುವ ಟ್ರಸ್ಟ್ ಬಗ್ಗೆ ವಕೀಲರನ್ನು ಕೇಳಿ.

ಜಿಪಿ, ಅಂದರೆ ಕುಟುಂಬ ವೈದ್ಯರ ಬಳಿ ಲರ್ನಿಂಗ್ ಡಿಸೆಬಿಲಿಟಿ ರಿಜಿಸ್ಟರಿನಲ್ಲಿ ಅವಳ ಹೆಸರಿದೆಯೇ ನೋಡಿ. 14 ವರ್ಷದಿಂದ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಸಿಗುತ್ತದೆ. ಮಕ್ಕಳ ತಜ್ಞರು ಬಿಟ್ಟ ಮೇಲೆ ಅವಳ ಇಡೀ ಕಥೆ ತಿಳಿದ ವೈದ್ಯರು ಎಂದರೆ ಜಿಪಿ ಒಬ್ಬರೇ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಶನಿವಾರ ಬ್ಯಾಗು ಹಿಡಿದು ಮೆಟ್ಟಿಲ ಮೇಲೆ ಕೂತ ಹುಡುಗನ ವಿಷಯ ಬಂದಾಗ ಅವರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು, ಇಮೇಲ್ ತಾವೇ ಬರೆಯುವುದಾಗಿ ಹೇಳಿದರು. ಎರಡೂ ವಿಭಾಗಗಳಿಗೆ ಇಂದು ಬೆಳಿಗ್ಗೆ ಕಳಿಸಿದ್ದೇವೆ. ನೋಟ್‌ಬುಕ್ಕನ್ನೂ ಆರಂಭಿಸಿದೆ. ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ನಾನು ಹನ್ನೊಂದು ಸಲ ಏನಾದರೂ ನೆನಪಿಸಿದ್ದೇನೆ. ಇದುವರೆಗೆ ಎಣಿಸಿರಲಿಲ್ಲ. ಎರಡು ಚಿತ್ರ ತೋರಿಸಿದಾಗ ಮಗಳು ಈಜುಕೊಳದ ಚಿತ್ರವನ್ನು ಕೈಗೆತ್ತಿಕೊಂಡು ವಾಪಸ್ ಕೊಡಲಿಲ್ಲ, ಅದನ್ನು ಮೊದಲ ಪುಟಕ್ಕೆ ಅಂಟಿಸಿದ್ದೇನೆ.