ಸಹಾಯ ಬೇಕು: ಮುಂಬೈ ಗಿರಣಿ ಕೇರಿಯ ನೆನಪುಗಳು

ನಮಸ್ಕಾರ. ಮುಂಬೈನ ಪರೇಲ್, ಲಾಲ್‌ಬಾಗ್ ಕಡೆಯ ಬಟ್ಟೆ ಗಿರಣಿಗಳ ಬದುಕಿನ ಬಗ್ಗೆ ಮಾಹಿತಿ ಸೇರಿಸುತ್ತಿದ್ದೇನೆ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಎಷ್ಟೋ ಜನರಿಗೆ ಮತ್ತೆ ಕೆಲಸ ಸಿಗಲೇ ಇಲ್ಲ. ಆ ಕಾರ್ಮಿಕರು ವಾಸವಿದ್ದ ಚಾಳುಗಳ (ಸಾಲು ಕೋಣೆಗಳ ವಠಾರಗಳ) ಕೆಲವು ಹುಡುಗರು ಗ್ಯಾಂಗ್ ಸೇರಿದರು. ಎಲ್ಲರೂ ಬರೆಯುವುದು ಡಾನ್‌ಗಳ ಬಗ್ಗೆಯೇ. ಆ ಮನೆಗಳ ತಾಯಂದಿರು ಹೇಗೆ ದಿನ ದೂಡಿದರು ಅಂತ ಕೇಳುವವರು ಕಡಿಮೆ, ಅಲ್ವಾ?

ನಮ್ಮ ಕರಾವಳಿಯಿಂದ ಹೋಗಿ ಅಲ್ಲಿನ ಹೋಟೆಲ್‌ಗಳಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ನಿಮ್ಮ ಮನೆಯಲ್ಲಿ ಇದ್ದಾರಾ? ಮುಷ್ಕರದ ವೇಳೆ ಕಾರ್ಮಿಕರು ಸಾಲದಲ್ಲಿ ಉಂಡಿದ್ದು, ಮಟ್ಕಾ ಚೀಟಿ, ಹಫ್ತಾ ವಸೂಲಿ, ಏನು ನೆನಪಿದ್ದರೂ ಸರಿ. ಹಳೆ ಫೋಟೋ, ಲೆಕ್ಕದ ಪುಸ್ತಕ ಇದ್ದರೆ ಇನ್ನೂ ಒಳ್ಳೆಯದು. ಹೆಸರು ಬೇಡ ಅಂದರೆ ಹಾಕುವುದಿಲ್ಲ. ದಯವಿಟ್ಟು ಇಲ್ಲೇ ತಿಳಿಸಿ, ನಾನೇ ಫೋನ್ ಮಾಡುತ್ತೇನೆ.