ಅವ್ವನ ಆಪರೇಷನ್ ವಿಡಿಯೋ ಮಾಡ್ತಾರಂತೆ, ಒಪ್ಪಬಹುದಾ?

ಹುಬ್ಬಳ್ಳಿಯಲ್ಲಿ ಅವ್ವನಿಗೆ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್) ಇದೆ. ವಿಡಿಯೋ ಇಟ್ಟುಕೊಂಡು ಆಮೇಲೆ ಡಾಕ್ಟರುಗಳೇ ಕೂತು ನೋಡ್ತಾರಂತೆ, ಅದಕ್ಕೆ ಸಹಿ ಕೇಳಿದ್ದಾರೆ. ಮುಖ ಕಾಣ್ತದೇನು ಅಂತ ಅವ್ವನಿಗೆ ಒಂದೇ ಚಿಂತೆ.

ಉತ್ತರ 1: ಕ್ಯಾಮೆರಾ ಹೊಟ್ಟೆಯೊಳಗೆ ಇರುತ್ತದೆ, ಮುಖ ಎಲ್ಲಿಂದ ಬರಬೇಕು! ಹೆಸರು, ನಂಬರ್ ಅಳಿಸ್ತೀರಾ, ಯಾರ್‍ಯಾರು ನೋಡ್ತಾರೆ ಅಂತ ಮಾತ್ರ ಕೇಳಿಬಿಡಿ.

ಉತ್ತರ 2: ಧಾರವಾಡದಲ್ಲಿ ಓಟಿ ನರ್ಸ್ ನಾನು. ನಾಳ ಮುಚ್ಚೋಕೆ ಕ್ಲಿಪ್ ಹಾಕಿ ಕತ್ತರಿಸೋ ಮುಂಚೆ ಪಿತ್ತಕೋಶಕ್ಕೆ ಹೋಗುವ ಒಂದು ನಾಳ, ಒಂದು ರಕ್ತನಾಳ, ಎರಡೇ ಸ್ಪಷ್ಟ ಕಾಣಬೇಕು, ಇಲ್ಲಾಂದ್ರೆ ದೊಡ್ಡ ಪಿತ್ತನಾಳಕ್ಕೇ ಕತ್ತರಿ ಬೀಳಬಹುದು. ಅದು ಕಂಡಿತ್ತಾ ಅನ್ನೋದು ಕಾಗದದ ನೋಟ್ಸಿಗಿಂತ ವಿಡಿಯೋದಲ್ಲೇ ಚೆನ್ನಾಗಿ ಗೊತ್ತಾಗೋದು.

ಉತ್ತರ 3: ಅಮೆರಿಕದ ಮಿಷಿಗನ್‌ನಲ್ಲಿ 20 ಸರ್ಜನ್‌ಗಳ ವಿಡಿಯೋಗೆ ಬೇರೆ ಸರ್ಜನ್‌ಗಳು ಅಂಕ ಕೊಟ್ಟಿದ್ದರು, 2013ರಲ್ಲಿ ಪ್ರಕಟವಾಯ್ತು. ಕಡಿಮೆ ಅಂಕದವರ ರೋಗಿಗಳಿಗೇ ತೊಂದರೆ ಜಾಸ್ತಿ ಆಗಿತ್ತು. ನಾನಾದರೆ ಸಹಿ ಹಾಕ್ತೀನಿ.

ಕೇಳಿದವರು: ಅವ್ವ ಒಪ್ಪಿದಳು. ಈಗ ಕಲ್ಲು ಡಬ್ಬಿಯಲ್ಲಿ ಹಾಕಿ ಕೊಡ್ತಾರಾ ಅಂತ ಕೇಳ್ತಿದ್ದಾಳೆ.