ಮಾರಾಟ ನಿಂತುಹೋದ ಹಗುರ ಲ್ಯಾಪ್‌ಟಾಪ್ ಈಗ ಕೊಳ್ಳಬಹುದಾ? ಬಳಸಿದವರು ದಯವಿಟ್ಟು ಹೇಳಿ

ನಾನು ಅನುವಾದದ ಕೆಲಸ ಮಾಡುತ್ತೇನೆ. ವಾರದಲ್ಲಿ ಐದು ದಿನ ಲ್ಯಾಪ್‌ಟಾಪ್ ಹೊತ್ತುಕೊಂಡೇ ಓಡಾಟ. ಈಗಿರುವುದು 2.2 ಕೆಜಿ. ಸಂಜೆ ಹೊತ್ತಿಗೆ ಬಲಭುಜ ಸೆಳೆಯಲು ಶುರುವಾಗುತ್ತದೆ. ಮೊನ್ನೆ ಗೆಳತಿಯ ಹತ್ತಿರ ಆಪಲ್‌ನ 12 ಇಂಚಿನ ಮ್ಯಾಕ್‌ಬುಕ್ ನೋಡಿದೆ. ಒಂದೇ ಕೈಯಲ್ಲಿ ಪುಸ್ತಕದ ಹಾಗೆ ಎತ್ತಬಹುದು! ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ಆದರೆ ಅದನ್ನು 2019ರಲ್ಲೇ ನಿಲ್ಲಿಸಿದ್ದಾರೆ.

ಈಗ ಎರಡು ಸಿಕ್ಕಿವೆ, ಎರಡೂ 2017ರ ಮಾದರಿ. ಒಂದು ಸೀಲ್ ಒಡೆಯದ ಬಾಕ್ಸ್, ಹಳೇ ಸ್ಟಾಕ್. ಇನ್ನೊಂದು ಬಳಸಿದ್ದು, ಬ್ಯಾಟರಿ ಹೊಸದು ಹಾಕಿಸಿದ್ದೇವೆ ಅನ್ನುತ್ತಾರೆ. ಸೀಲ್ ಬಾಕ್ಸ್‌ಗೆ ಬೆಲೆ ಜಾಸ್ತಿ. ನನ್ನ ಕೆಲಸ ಅಂದರೆ ಬರವಣಿಗೆ, ಬ್ರೌಸರ್, ವಾರಕ್ಕೆರಡು ವಿಡಿಯೋ ಕಾಲ್, ಬ್ಯಾಂಕ್ ವ್ಯವಹಾರ. ಹಳೆಯದನ್ನು ತಂಗಿಗೆ ಕೊಡುತ್ತೇನೆ, ಹಾಗಾಗಿ ಇದೊಂದೇ ಇರುತ್ತದೆ. ನಾಲ್ಕೈದು ವರ್ಷವಾದರೂ ಬಾಳಬೇಕು. ತಗೊಳ್ಳಲಾ, ಬೇಡ್ವಾ?

ನಾಲ್ಕು ವರ್ಷ ಅದನ್ನೇ ಬಳಸಿದವರು:

ಮೇಡಂ, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನನ್ನ ಹತ್ತಿರ ಇದ್ದದ್ದೂ 2017ರದ್ದೇ. ತೂಕ 920 ಗ್ರಾಂ, ದಪ್ಪ ಇರುವ ಕಡೆಯೂ 13.1 ಮಿಲಿಮೀಟರ್. ಒಳಗೆ ಫ್ಯಾನ್ ಇಲ್ಲ, ಹಾಗಾಗಿ ಸದ್ದೇ ಇಲ್ಲ. ಗ್ರಂಥಾಲಯದಲ್ಲಿ ಕೂತು ಬರೆಯುವಾಗ ಆ ಮೌನದ ಬೆಲೆ ಗೊತ್ತಾಗುತ್ತದೆ. ಬ್ಯಾಗಿನಲ್ಲಿ ಇದೆಯೋ ಇಲ್ಲವೋ ಎಂದು ಎಷ್ಟೋ ಸಲ ಕೈ ಹಾಕಿ ನೋಡಿಕೊಂಡಿದ್ದೇನೆ. ಪರದೆ 2304 x 1440, ಕನ್ನಡದ ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲೂ ಸ್ಪಷ್ಟವಾಗಿ ಕಾಣುತ್ತವೆ. ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಅದರ ಮಿತಿಗಳನ್ನು ತಿಳಿದುಕೊಂಡೇ ಕೊಳ್ಳಬೇಕು. ಇರುವುದು ಒಂದೇ ಯುಎಸ್‌ಬಿ-ಸಿ ಪೋರ್ಟ್, ಜೊತೆಗೆ ಹೆಡ್‌ಫೋನ್ ತೂತು. ಚಾರ್ಜಿಗೂ ಅದೇ, ಪೆನ್‌ಡ್ರೈವಿಗೂ ಅದೇ. ಒಂದೇ ಪೋರ್ಟಿಗೆ ಹಲವನ್ನು ಸಿಕ್ಕಿಸುವ ಒಂದು ಹಬ್ ಯಾವಾಗಲೂ ಜೊತೆಗಿರಬೇಕು. ಕ್ಯಾಮೆರಾ 480ಪಿ ಮಾತ್ರ, ವಿಡಿಯೋ ಕಾಲ್‌ನಲ್ಲಿ ಮುಖ ಮಂಜು ಮಂಜು. ಪ್ರೊಸೆಸರ್ 4.5 ವ್ಯಾಟ್‌ಗೆ ಮಾಡಿದ್ದು, ಶಾಖ ಹೊರಹೋಗಲು ಲೋಹದ ಮೈ ಬಿಟ್ಟರೆ ಬೇರೆ ದಾರಿಯಿಲ್ಲ. ಬರವಣಿಗೆಗೆ ಏನೂ ತೊಂದರೆಯಿಲ್ಲ. ಒಂದು ಗಂಟೆ ಕಾಲ್‌ನಲ್ಲಿದ್ದು, ಜೊತೆಗೆ ಹತ್ತು ಟ್ಯಾಬ್ ತೆರೆದರೆ ವೇಗ ಇಳಿಯುತ್ತದೆ. ಕೆಲಸ ಬದಲಾಯಿತು, ಅದಕ್ಕೇ ಮಾರಿದೆ. ಈಗಲೂ ನೆನಪಾಗುತ್ತದೆ.

ಲ್ಯಾಪ್‌ಟಾಪ್ ರಿಪೇರಿ ಮಾಡುವವರು:

ಸೀಲ್ ಬಾಕ್ಸ್ ವಿಷಯ ಮೊದಲು ಹೇಳಿಬಿಡುತ್ತೇನೆ, ಎಲ್ಲರೂ ಮೋಸ ಹೋಗುವುದು ಅಲ್ಲೇ. ಸೀಲ್ ಒಡೆದಿಲ್ಲ ಅಂದರೆ ಹೊಸದು ಎಂದುಕೊಳ್ಳುತ್ತೇವೆ. ಬ್ಯಾಟರಿಗೆ ಆ ಲೆಕ್ಕ ಇಲ್ಲ. ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಸುಮ್ನೆ ಇಟ್ಟರೂ ಸವೆಯುತ್ತದೆ. ಬಿಸಿ ಜಾಗದಲ್ಲಿ ಇಟ್ಟರೆ ಇನ್ನೂ ಬೇಗ. ದೀರ್ಘ ಕಾಲ ಎತ್ತಿಡುವುದಾದರೆ ಅರ್ಧ ಚಾರ್ಜ್ ಮಾಡಿಡಿ, ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತನ್ನಿ ಎಂದು ಆಪಲ್ ತಾನೇ ಹೇಳುತ್ತದೆ. ಸೀಲ್ ಮಾಡಿದ ಬಾಕ್ಸ್‌ನೊಳಗೆ ಆ ಕೆಲಸ ಯಾರು ಮಾಡಿರುತ್ತಾರೆ? ಇಷ್ಟು ವರ್ಷದಲ್ಲಿ ಚಾರ್ಜ್ ತಾನಾಗಿ ಸೋರಿ ತಳ ಮುಟ್ಟಿರುತ್ತದೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಒಳಗಿನ ರಕ್ಷಣೆಯ ಸರ್ಕ್ಯೂಟ್ ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಬೇರೊಂದು ಕಂಪನಿಯ ತೆಳು ಲ್ಯಾಪ್‌ಟಾಪ್ ಒಂದನ್ನು ಒಬ್ಬರು ಹಾಗೇ ಸೀಲ್ ಒಡೆದ ದಿನವೇ ನನ್ನ ಹತ್ತಿರ ತಂದರು. ಮೈಮೇಲೆ ಒಂದು ಗೀರೂ ಇಲ್ಲ, ಆದರೆ ಬ್ಯಾಟರಿ ಊದಿ ಟ್ರ್ಯಾಕ್‌ಪ್ಯಾಡ್ ಮೇಲೆದ್ದಿತ್ತು.

ಬ್ಯಾಟರಿ ತಾನೇ, ಬದಲಾಯಿಸಿದರಾಯಿತು ಅನ್ನಬಹುದು. ಈ ಮ್ಯಾಕ್‌ಬುಕ್ ಒಳಗೆ ಬ್ಯಾಟರಿ ಮೆಟ್ಟಿಲು ಮೆಟ್ಟಿಲಾಗಿದೆ, ಮೈಯ ಬಾಗಿಗೆ ತಕ್ಕಂತೆ ಜೋಡಿಸಿ ಅಂಟು ಹಾಕಿದ್ದಾರೆ. ರ‍್ಯಾಮ್, ಎಸ್‌ಎಸ್‌ಡಿ (ಕೆಲಸದ ಮೆಮೊರಿ, ಫೈಲ್ ಇಡುವ ಜಾಗ) ಎರಡೂ ಬೋರ್ಡಿಗೆ ಬೆಸುಗೆ. ನೀವು ಕೊಳ್ಳುವ ದಿನ ಮೆಮೊರಿ 8 ಜಿಬಿ ಇದ್ದರೆ ಕೊನೆಯವರೆಗೂ 8 ಜಿಬಿ. ಐಫಿಕ್ಸಿಟ್‌ನವರು (ಸಾಧನ ಬಿಚ್ಚಿ ರಿಪೇರಿ ಎಷ್ಟು ಸುಲಭ ಎಂದು ಅಂಕ ಕೊಡುವವರು) 2015ರಲ್ಲಿ ಇದರ ಮೊದಲ ಮಾದರಿಯನ್ನು ಬಿಚ್ಚಿ ನೋಡಿ ರಿಪೇರಿಗೆ 10ಕ್ಕೆ 1 ಅಂಕ ಕೊಟ್ಟಿದ್ದರು. ತೆಳು ಮಾಡಲು ಸಾಕೆಟ್ ತೆಗೆದು ಅಂಟು, ಬೆಸುಗೆ ಹಾಕಿದ್ದಾರೆ. ನಮಗೆ ಕೈ ಹಾಕಲು ಜಾಗ ಉಳಿದಿಲ್ಲ.

ಇನ್ನು ಕೀಬೋರ್ಡ್. ಇದು ಚಿಟ್ಟೆ ಮಾದರಿಯ ಕೀ, ಬಟರ್‌ಫ್ಲೈ ಅನ್ನುತ್ತಾರಲ್ಲ, ಅದು. ಅಕ್ಷರ ಎರಡೆರಡು ಸಲ ಬರುವುದು, ಬಾರದೇ ಹೋಗುವುದು, ಕೀ ಅಂಟಿಕೊಳ್ಳುವುದು, ಇಂಥ ದೂರುಗಳಿಗಾಗಿ ಆಪಲ್ 2018ರ ಜೂನ್‌ನಲ್ಲಿ ಉಚಿತ ರಿಪೇರಿ ಯೋಜನೆ ಶುರು ಮಾಡಿತು. 12 ಇಂಚಿನದ್ದೂ ಅದರಲ್ಲಿತ್ತು. ಅವಧಿ ಮೊದಲು ಮಾರಾಟವಾದ ದಿನದಿಂದ ನಾಲ್ಕು ವರ್ಷ, ಹಾಗಾಗಿ ಬಳಸಿದ್ದಕ್ಕೆ ಅದು ಮುಗಿದಿದೆ. ನೋಡಲು ಹೋದಾಗ ಸುಮ್ನೆ ನಾಲ್ಕು ಪದ ಟೈಪ್ ಮಾಡಿ ಬರಬೇಡಿ. ಎರಡು ಪುಟ ಕನ್ನಡ ಟೈಪ್ ಮಾಡಿ. ಇನ್‌ಸ್ಕ್ರಿಪ್ಟ್‌ನಲ್ಲಿ (ಕನ್ನಡದ ಒಂದು ಕೀಬೋರ್ಡ್ ವಿನ್ಯಾಸ) ಬರೆಯುವವರಿಗೆ ಪ್ರತಿ ಒತ್ತಕ್ಷರಕ್ಕೂ ಡಿ ಕೀ ಬೇಕು. ಅದೊಂದು ಕೈಕೊಟ್ಟರೆ ಬರವಣಿಗೆಯೇ ನಿಂತಂತೆ.

ಬಳಸಿದ್ದನ್ನು ನೋಡುವಾಗ: ಸಿಸ್ಟಮ್ ಇನ್ಫರ್ಮೇಶನ್‌ಗೆ ಹೋಗಿ, ಪವರ್ ಅನ್ನುವ ಕಡೆ ಸೈಕಲ್ ಕೌಂಟ್, ಅಂದರೆ ಬ್ಯಾಟರಿಯ ಪೂರ್ತಿ ಚಾರ್ಜ್ ಎಷ್ಟು ಸಲ ಬಳಕೆಯಾಗಿದೆ ಎಂಬ ಲೆಕ್ಕ ನೋಡಿ. ಈ ಮಾದರಿಗೆ 1000 ಸೈಕಲ್ ಮಿತಿ. ಬ್ಯಾಟರಿ ನಿಜವಾಗಿ ಹೊಸದಾದರೆ ಸಂಖ್ಯೆ ಚಿಕ್ಕದಿರಬೇಕು. ಯಾರು ಹಾಕಿದರು ಎಂದು ಬಿಲ್ ಕೇಳಿ. ಮುಚ್ಚಿದಾಗ ಮುಚ್ಚಳ ಸುತ್ತ ಒಂದೇ ಸಮ ಕೂರುತ್ತದಾ ನೋಡಿ. ಅಂಗೈ ಇಡುವ ಜಾಗ ಉಬ್ಬಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಊದಿದ ಬ್ಯಾಟರಿ ಬೆಂಕಿಯ ಅಪಾಯ, ಅದನ್ನು ಒತ್ತಿ ಸರಿ ಮಾಡಲೂ ಹೋಗಬೇಡಿ.

ಸಾಫ್ಟ್‌ವೇರ್ ಕೆಲಸದವರು:

ರಿಪೇರಿಯವರು ಹೇಳಿದ್ದು ಕಣ್ಣಿಗೆ ಕಾಣುವ ವಯಸ್ಸು. ಕಾಣದ ವಯಸ್ಸು ಇನ್ನೊಂದಿದೆ. ಮ್ಯಾಕ್‌ಓಎಸ್ ಅಂದರೆ ಮ್ಯಾಕ್ ನಡೆಸುವ ಆಪರೇಟಿಂಗ್ ಸಿಸ್ಟಮ್, ಅದರ ಪ್ರತಿ ಆವೃತ್ತಿಗೂ ಒಂದು ಹೆಸರು. 2015ರ ಮಾದರಿಗೆ ಬಿಗ್ ಸರ್ ಕೊನೆ, 2016ರದ್ದಕ್ಕೆ ಮಾಂಟರೆ, 2017ರದ್ದಕ್ಕೆ ವೆಂಚುರಾ. ವೆಂಚುರಾ ಬಂದದ್ದು 2022ರಲ್ಲಿ. ಆಪಲ್ ಸಾಮಾನ್ಯವಾಗಿ ಕೊನೆಯ ಮೂರು ಆವೃತ್ತಿಗಳಿಗೆ ಮಾತ್ರ ಸುರಕ್ಷತೆಯ ಅಪ್‌ಡೇಟ್ ಕೊಡುತ್ತದೆ. ಅದಾದ ಮೇಲೆ ಸೊನೋಮಾ, ಸಿಕೋಯಾ, ತಾಹೋ ಬಂದಾಯಿತು. ಲೆಕ್ಕ ನೀವೇ ಹಾಕಿ. ಓಎಸ್ ನಿಂತರೆ ಲ್ಯಾಪ್‌ಟಾಪ್ ಅವತ್ತೇ ನಿಲ್ಲುವುದಿಲ್ಲ. ಮೊದಲು ಬ್ರೌಸರ್ ಹೊಸ ಆವೃತ್ತಿ ಕೊಡುವುದಿಲ್ಲ, ಆಮೇಲೆ ಒಂದೊಂದೇ ವೆಬ್‌ಸೈಟ್, ಒಂದೊಂದೇ ಆಪ್ ತಕರಾರು ತೆಗೆಯುತ್ತದೆ. ಬರೀ ಬರೆಯುವುದಕ್ಕಾದರೆ ನಡೆಯುತ್ತದೆ. ನೀವು ಬ್ಯಾಂಕ್ ವ್ಯವಹಾರವನ್ನೂ ಅದರಲ್ಲೇ ಮಾಡುತ್ತೇನೆ ಅಂದಿರಿ, ಇದೊಂದೇ ಇರುತ್ತದೆ ಅಂದಿರಿ. ನನಗೆ ಅಲ್ಲೇ ಭಯ.

ವಿಂಡೋಸ್‌ನ ಹಳೇ ತೆಳು ಲ್ಯಾಪ್‌ಟಾಪ್ ಹುಡುಕುವವರಿಗೂ ಇದೇ ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. ಅದರಲ್ಲಿ ಬ್ಯಾಟರಿ ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಎಂದು ಟೈಪ್ ಮಾಡಿ ರಿಪೋರ್ಟ್ ತೆಗೆಯಿರಿ. ಮೊದಲಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಪಕ್ಕಪಕ್ಕ ಬರುತ್ತವೆ.

ಒಮ್ಮೆ ಕೈ ಸುಟ್ಟುಕೊಂಡವರು:

ನನ್ನದು ಬೇರೆ ಕಂಪನಿಯದು, ಹೆಸರು ಬೇಡ. ಒಂದು ಕೆಜಿಗೂ ಕಡಿಮೆ, ಮಾರಾಟ ನಿಂತು ಮೂರು ವರ್ಷ ಆಗಿತ್ತು. ತಂದ ಎಂಟು ತಿಂಗಳಿಗೆ ಚಾರ್ಜರ್ ಹೋಯಿತು. ಅದರ ಪಿನ್ ಆ ಮಾದರಿಗೆ ಮಾತ್ರ ಕೂರುವಂಥದ್ದು. ಎರಡು ತಿಂಗಳು ಹುಡುಕಿದೆ. ಸಿಕ್ಕಿದ ನಕಲಿ ಚಾರ್ಜರ್ ಬಿಸಿಯಾಗಿ ವಾಸನೆ ಬರುತ್ತಿತ್ತು, ಹೆದರಿ ಬಿಟ್ಟುಬಿಟ್ಟೆ. ಲ್ಯಾಪ್‌ಟಾಪ್ ಚೆನ್ನಾಗೇ ಇದೆ, ಆದರೆ ಉಸಿರು ತುಂಬುವ ದಾರಿ ಇಲ್ಲ. ನೀವು ಕೇಳಿರುವುದರಲ್ಲಿ ಯುಎಸ್‌ಬಿ-ಸಿ ಇರುವುದು ದೊಡ್ಡ ಪುಣ್ಯ, ಪಿಡಿ (ಯುಎಸ್‌ಬಿ-ಸಿ ಚಾರ್ಜಿಂಗ್‌ನ ಸಾಮಾನ್ಯ ಪದ್ಧತಿ) ಇರುವ ಯಾವ ಒಳ್ಳೆಯ ಚಾರ್ಜರ್ ಆದರೂ ಆಗುತ್ತದೆ. ಯಾವುದೇ ಹಳೆಯದು ಕೊಳ್ಳುವವರು ಮೊದಲು ಚಾರ್ಜಿಂಗ್ ತೂತು ನೋಡಿ.

ಭುಜನೋವಿನವರು:

ಅಕ್ಕ, ನಾನೂ ನಿಮ್ಮ ಹಾಗೆ ಲ್ಯಾಪ್‌ಟಾಪ್ ಮೇಲೆ ಎಲ್ಲ ತಪ್ಪು ಹೊರಿಸಿದ್ದೆ. ಒಂದು ದಿನ ಬ್ಯಾಗಿನಲ್ಲಿರುವುದನ್ನೆಲ್ಲ ಅಡುಗೆಮನೆಯ ತಕ್ಕಡಿ ಮೇಲೆ ಒಂದೊಂದಾಗಿ ಇಟ್ಟೆ. ಲ್ಯಾಪ್‌ಟಾಪ್ ಅರ್ಧವೂ ಇರಲಿಲ್ಲ. ಕೊಳ್ಳುವ ಮೊದಲು ಅದನ್ನು ಮಾಡಿ. ಒಂದೇ ಹೆಗಲಿಗೆ ಹಾಕುವ ಬ್ಯಾಗ್ ಆದರೆ ಎರಡು ಪಟ್ಟಿಯದಕ್ಕೆ ಬದಲಾಯಿಸಿ. ನೋವು ಕೈಗೆ ಇಳಿಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ಎರಡನ್ನೂ ಬಳಸಿದವರು:

ನಿಂತುಹೋದದ್ದು ಅಂದರೆ ಎಲ್ಲವೂ ಒಂದೇ ಅಲ್ಲ. ಎಂ1 ಮ್ಯಾಕ್‌ಬುಕ್ ಏರ್ ಕೂಡ ನಿಂತುಹೋದ ಮಾದರಿಯೇ. 12 ಇಂಚಿನದರಲ್ಲಿ ಇಂಟೆಲ್ ಚಿಪ್, ಇದರಲ್ಲಿ ಎಂ1 ಎಂಬ ಆಪಲ್‌ನದೇ ಚಿಪ್. 2020ರ ನವೆಂಬರ್‌ನಲ್ಲಿ ಬಂತು, 2024ರ ಮಾರ್ಚ್‌ನಲ್ಲಿ ಆಪಲ್ ತನ್ನ ಪಟ್ಟಿಯಿಂದ ತೆಗೆಯಿತು. ಆದರೂ ತಾಹೋ ಅದಕ್ಕೆ ಬರುತ್ತದೆ. ಇಂಟೆಲ್ ಮ್ಯಾಕ್‌ಗಳಿಗೆ ತಾಹೋ ಕೊನೆ ಎಂದು ಆಪಲ್ 2025ರಲ್ಲೇ ಹೇಳಿದೆ, ಎಂ1ಗೆ ಆ ಮಾತು ಅನ್ವಯಿಸುವುದಿಲ್ಲ. ಅದಕ್ಕೂ ಫ್ಯಾನ್ ಇಲ್ಲ, ಸದ್ದಿಲ್ಲ. ಪೋರ್ಟ್ ಎರಡು. ಕ್ಯಾಮೆರಾ 720ಪಿ. ಕೀಬೋರ್ಡ್ ಚಿಟ್ಟೆ ಮಾದರಿಯಲ್ಲ, ಕತ್ತರಿ ಮಾದರಿ. ತೂಕ 1.29 ಕೆಜಿ, ಅಂದರೆ 12 ಇಂಚಿನದಕ್ಕಿಂತ 370 ಗ್ರಾಂ ಜಾಸ್ತಿ.

ಮಾರಾಟ ನಿಲ್ಲಿಸಿ ಐದು ವರ್ಷ ಆದ ಮೇಲೆ ಆಪಲ್ ಅದನ್ನು ವಿಂಟೇಜ್ (ಸಾಮಾನು ಸಿಕ್ಕರೆ ಮಾತ್ರ ರಿಪೇರಿ) ಪಟ್ಟಿಗೆ ಹಾಕುತ್ತದೆ, ಏಳು ವರ್ಷಕ್ಕೆ ಪೂರ್ತಿ ಕೈಬಿಡುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯನ್ನು ಮಾತ್ರ, ಸಾಮಾನು ಸಿಕ್ಕರೆ, 10 ವರ್ಷದವರೆಗೆ ಬದಲಾಯಿಸಿಕೊಡಬಹುದು. ನಿಲ್ಲಿಸಿದ ವರ್ಷ ಗೊತ್ತಿದ್ದರೆ ಇನ್ನೆಷ್ಟು ದಿನ ಆಸರೆ ಇದೆ ಎಂದು ನೀವೇ ಎಣಿಸಬಹುದು. 12 ಇಂಚಿನದಕ್ಕೆ 2019ರಿಂದ ಎಣಿಸಿ, ಎಂ1ಗೆ 2024ರಿಂದ.

ಮನಸ್ಸು ಮಾತ್ರ 12 ಇಂಚಿನ ಕಡೆಗೇ ಎಳೆಯುತ್ತದೆ, ಒಪ್ಪುತ್ತೇನೆ. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದು, ಹೊರಗೆ ಕೂತು ಬರೆಯಲು ಮಾತ್ರ ಬೇಕು ಅನ್ನುವವರಿಗೆ ಬಳಸಿದ್ದನ್ನೇ ಕೊಳ್ಳಿ ಅನ್ನುತ್ತಿದ್ದೆ. ನಿಮಗೆ ಇರುವುದು ಒಂದೇ. ಎಂ1 ಒಂದು ವಾರ ಯಾರ ಹತ್ತಿರವಾದರೂ ಕೇಳಿ, ಹೊತ್ತು ನೋಡಿ.

ಮತ್ತೆ ನಾನು, ಪ್ರಶ್ನೆ ಕೇಳಿದವಳು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಒಂದೊಂದಾಗಿ ಮಾಡಿ ನೋಡಿದೆ.

ತಕ್ಕಡಿಯಿಂದ ಶುರು ಮಾಡಿದೆ. ಒಟ್ಟು 5.3 ಕೆಜಿ! ಲ್ಯಾಪ್‌ಟಾಪ್ 2.2, ಅದರ ಚಾರ್ಜರ್ 450 ಗ್ರಾಂ, ಖಾಲಿ ಬ್ಯಾಗೇ 1.1, ನೀರಿನ ಬಾಟಲಿ 550 ಗ್ರಾಂ. ಉಳಿದ ಒಂದು ಕೆಜಿ ನನ್ನ ಎರಡು ನಿಘಂಟು. ಅವನ್ನು ಹೊರಗೆ ಕೂತಾಗ ಎಷ್ಟು ಸಲ ತೆರೆಯುತ್ತೇನೆ ಎಂದು ಯೋಚಿಸಿದೆ. ವಾರಕ್ಕೆ ಒಂದೋ ಎರಡೋ ಸಲ. ಅನುಮಾನ ಬಂದ ಪದ ಗುರುತು ಹಾಕಿಕೊಂಡು ಮನೆಗೆ ಬಂದು ನೋಡಿದರಾಯಿತು, ಅಲ್ವಾ? ಅವು ಈಗ ಮೇಜಿನ ಮೇಲೆ ಉಳಿದಿವೆ.

ಸೀಲ್ ಬಾಕ್ಸ್‌ನವರಿಗೆ, ನಿಮ್ಮ ಎದುರಿಗೇ ತೆರೆದು ಚಾರ್ಜ್ ಹಾಕಿ ನೋಡಬಹುದಾ ಎಂದು ಕೇಳಿದೆ. ದುಡ್ಡು ಕೊಟ್ಟ ಮೇಲೆ ತೆರೆಯಿರಿ ಅಂದರು. ಬೇಡ ಎಂದು ಹೇಳಿ ಬಂದೆ.

ಬಳಸಿದ್ದನ್ನು ನೋಡಿದೆ. ಅವರು ಹೇಳಿದ್ದು ನಿಜ, ಸೈಕಲ್ 14 ಮಾತ್ರ, ಬಿಲ್ಲೂ ತೋರಿಸಿದರು. ಎರಡು ಪುಟ ಟೈಪ್ ಮಾಡಿದೆ, ಡಿ ಕೀ ಒಂದು ಸಲವೂ ತಪ್ಪಲಿಲ್ಲ. ಅಲ್ಲೇ ಕೊಂಡುಬಿಡೋಣ ಅನ್ನಿಸಿತ್ತು. ಆದರೆ ವೆಂಚುರಾ ವಿಷಯ ತಲೆಯಿಂದ ಹೋಗಲಿಲ್ಲ. ಬ್ಯಾಂಕ್ ಕೆಲಸಕ್ಕೆ ತಂಗಿಯಿಂದ ಲ್ಯಾಪ್‌ಟಾಪ್ ವಾಪಸ್ ಕೇಳುತ್ತಾ ಕೂರಲು ಆಗುವುದಿಲ್ಲ.

ಸಹೋದ್ಯೋಗಿಯೊಬ್ಬರು ತಮ್ಮ ಎಂ1 ಏರ್ ಅನ್ನು ಆರು ದಿನ ಕೊಟ್ಟರು. ಅದು, ಅದರ ಪುಟ್ಟ ಚಾರ್ಜರ್, ಬಾಟಲಿ, ಬ್ಯಾಗ್ ಎಲ್ಲ ಸೇರಿ ಸುಮಾರು 3.1 ಕೆಜಿ. ಮೂರನೇ ದಿನ ಸಂಜೆ ಬಾಗಿಲು ತೆಗೆಯುವಾಗ ಗಮನಿಸಿದೆ, ಭುಜ ಒತ್ತಿಕೊಂಡಿರಲಿಲ್ಲ. ಪಕ್ಕದಲ್ಲಿ ಗೆಳತಿಯ 12 ಇಂಚಿನದನ್ನೂ ಎತ್ತಿ ನೋಡಿದೆ. ಅದು ಈಗಲೂ ಚೆಂದವೇ. ಕೈಗೆ 370 ಗ್ರಾಂ ಗೊತ್ತಾಗುತ್ತದೆ, ಬೆನ್ನಿಗೆ ಗೊತ್ತಾಗಲಿಲ್ಲ.

ಬಳಸಿದ ಎಂ1 ಒಂದು ನೋಡಿಟ್ಟಿದ್ದೇನೆ, 8 ಜಿಬಿಯದು, ಸೈಕಲ್ 203. ಶನಿವಾರ ಹೋಗಿ ಎರಡು ಪುಟ ಟೈಪ್ ಮಾಡಿ ನೋಡುತ್ತೇನೆ. 16 ಜಿಬಿಗೆ ಕಾಯಬೇಕಾ ಎನ್ನುವುದೊಂದೇ ಈಗ ಉಳಿದ ಪ್ರಶ್ನೆ. ಬರವಣಿಗೆ ಮತ್ತು ಕಾಲ್‌ಗೆ 8 ಸಾಕಾಯಿತಾ ಎಂದು ಬಳಸಿದವರು ಹೇಳಿದರೆ ಉಪಕಾರ.